ತಿಂಗಳಿಗೊಂದು ಹೆಜ್ಜೆ

ನಾನು ನಿವೃತ್ತಳಾಗಿ ಎರಡು ವರ್ಷ ಕಳೆದಿದೆ. ಅಂತರ್ಜಲದ ಕಚೇರಿಗೆ ಹೊಸದಾಗಿ ಸೇರಿದ ಭೂವಿಜ್ಞಾನಿಗಳು ಈಗಲೂ ಆಗಾಗ ಫೋನ್ ಮಾಡುತ್ತಾರೆ. ಕ್ಷೇಮ ಸಮಾಚಾರ ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಎರಡನೆಯ ವಾಕ್ಯ ಸಾಮಾನ್ಯವಾಗಿ ಇದು: "ಮೇಡಂ, ಟೈಮ್ ಸ್ಟೆಪ್ ಎಷ್ಟಿಡಲಿ?"

"ನೀವು ಏನು ತಿಳಿಯಬೇಕು ಅಂತಿದ್ದೀರಿ ಅನ್ನೋದರ ಮೇಲೆ" ಎಂದು ನಾನು ಹೇಳುತ್ತೇನೆ. ಮುದುಕಿ ಜಾರಿಕೊಳ್ಳುತ್ತಿದ್ದಾಳೆ ಎಂದು ಅವರಿಗೆ ಅನಿಸುತ್ತಿರಬೇಕು. ನಾನು ಸೇವೆಯಲ್ಲಿದ್ದಾಗ ಹಿರಿಯರು ಇದೇ ಉತ್ತರ ಕೊಟ್ಟರೆ ನನಗೂ ಹಾಗೇ ಅನಿಸುತ್ತಿತ್ತು. ಆದ್ದರಿಂದ ನಾನು ಆ ಉತ್ತರಕ್ಕೆ ಹೇಗೆ ತಲುಪಿದೆ ಎಂಬುದನ್ನು ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ದಿನಚರಿ ಬರೆಯುವವಳು. ಇದನ್ನು ಬರೆಯಲು ಕೂತಾಗ ಹಳೆಯ ಪುಸ್ತಕಗಳನ್ನು ತೆಗೆದು ಓದಿದೆ. ನೆನಪಿನಲ್ಲಿರುವ ನಾನು ದಿನಚರಿಯಲ್ಲಿರುವ ನನಗಿಂತ ಒಳ್ಳೆಯವಳು ಎಂದು ತಿಳಿಯಿತು. ಎರಡೂ ಕೂಡಿ ಬರದ ಕಡೆ ಎರಡನ್ನೂ ಬರೆಯುತ್ತೇನೆ.

ಅಂತರ್ಜಲದ ಮಾಡೆಲ್ ಎಂದರೆ ದೊಡ್ಡ ವಿಷಯವೇನಲ್ಲ. ನೆಲವನ್ನು ನಕಾಶೆಯ ಮೇಲೆ ಚೌಕಗಳಾಗಿ ಕತ್ತರಿಸುತ್ತೇವೆ. ಪ್ರತಿ ಚೌಕದಲ್ಲಿ ಎಂಥ ಕಲ್ಲಿದೆ, ಅದು ಎಷ್ಟು ನೀರು ಹಿಡಿಯುತ್ತದೆ, ಎಷ್ಟು ಬೇಗ ಬಿಡುತ್ತದೆ ಎಂದು ಕಂಪ್ಯೂಟರಿಗೆ ಹೇಳುತ್ತೇವೆ. ಕಾಲವನ್ನೂ ಹಾಗೆಯೇ ಕತ್ತರಿಸಬೇಕು. ಮೊದಲು ದೊಡ್ಡ ತುಂಡುಗಳು. ಈ ಅವಧಿಯುದ್ದಕ್ಕೂ ಮಳೆ ಇಷ್ಟು, ಪಂಪುಗಳು ಎತ್ತುವ ನೀರು ಇಷ್ಟು, ನಡುವೆ ಬದಲಾಗುವುದಿಲ್ಲ ಎಂದು ನಾವು ಒಪ್ಪಿಕೊಂಡ ತುಂಡುಗಳು. ಆಮೇಲೆ ಪ್ರತಿ ಅವಧಿಯೊಳಗೆ ಸಣ್ಣ ಹೆಜ್ಜೆಗಳು. ಫೋನಿನಲ್ಲಿ ಕೇಳುವ ಟೈಮ್ ಸ್ಟೆಪ್ ಇದೇ. ಪ್ರತಿ ಹೆಜ್ಜೆಯ ಕೊನೆಗೆ ಕಂಪ್ಯೂಟರ್ ನಿಂತು ಪ್ರತಿ ಚೌಕದ ನೀರಿನ ಮಟ್ಟವನ್ನು ಲೆಕ್ಕ ಹಾಕುತ್ತದೆ. ಎರಡು ಹೆಜ್ಜೆಗಳ ನಡುವೆ ಏನಾಯಿತು ಎಂಬುದು ಅದಕ್ಕೆ ಗೊತ್ತಿಲ್ಲ.

ನನ್ನ ಮೊದಲ ಮಾಡೆಲ್ ಬೀಳಗಿ ಭಾಗದ್ದು. ಮಳೆಯನ್ನು ದಿನಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ತುಂಬಿದ್ದೆ. ಕಾಲದ ಅಳತೆ ಕೇಳುವ ಕಡೆ ಸೆಕೆಂಡು ಎಂದು ಮೊದಲೇ ಬಂದಿತ್ತು, ಅದನ್ನು ಬದಲಿಸಲಿಲ್ಲ. ಹೀಗಾಗಿ ನನ್ನ ಬೀಳಗಿಯಲ್ಲಿ ಒಂದೊಂದು ಸೆಕೆಂಡಿಗೂ ಒಂದು ದಿನದ ಮಳೆ ಸುರಿಯಿತು. ನೀರಿನ ಮಟ್ಟ ನೆಲದೊಳಗಿಂದ ಎದ್ದು ಮನೆಗಳನ್ನೂ ಗುಡ್ಡಗಳನ್ನೂ ದಾಟಿತು. ಬಣ್ಣದ ಪ್ರಿಂಟ್ ತೆಗೆದು, ಚೆನ್ನಾಗಿ ಕಾಣುತ್ತದೆ ಎಂದು ನಮ್ಮ ಸಾಹೇಬರ ಮೇಜಿನ ಮೇಲಿಟ್ಟೆ. ಸಾಹೇಬರು ಎಂದರೆ ನಮ್ಮ ಕಚೇರಿಯ ಮುಖ್ಯಸ್ಥರು. ಅವರು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಕನ್ನಡಕ ಹಾಕಿಕೊಂಡು ಅಂಕಿಗಳನ್ನು ನೋಡಿದರು.

"ಬಾಯಾರ, ಬೀಳಗಿಯೊಳಗ ಯಾರರ ಉಳದಾರೇನ್ರಿ?"

ನಾನು ಅಂಕಿ ನೋಡಿದೆ. "ಇಲ್ಲರಿ ಸರ್."

"ಹಂಗಾದ್ರ ಈ ವರದಿ ಯಾರಿಗೆ ಕಳಸೋಣು?"

ಇದಾದ ಮೇಲೆ ಅಳತೆಯ ಘಟಕವನ್ನು ನಾನು ಎಂದೂ ಮರೆಯಲಿಲ್ಲ ಎಂದು ಬರೆಯಲು ಹೊರಟಿದ್ದೆ. ದಿನಚರಿಯಲ್ಲಿ ಇನ್ನೂ ಎರಡು ಸಲ ಮರೆತದ್ದು ಇದೆ.

ಹೆಜ್ಜೆ ಎಷ್ಟು ಉದ್ದವಿರಬೇಕು ಎಂಬುದನ್ನು ನನಗೆ ಮೊದಲು ಕಲಿಸಿದವರು ಹುಸೇನಸಾಬರು. ನಮ್ಮ ಕಚೇರಿಯಲ್ಲಿ ಬಾವಿಗಳಿಗೆ ಟೇಪು ಬಿಟ್ಟು ನೀರಿನ ಮಟ್ಟ ಅಳೆಯುವ ಕೆಲಸ ಅವರದು. ಕಂಪ್ಯೂಟರ್ ಮುಟ್ಟಿದವರಲ್ಲ. ಜಮಖಂಡಿಯ ಹತ್ತಿರ ಒಂದು ಹೊಲದ ಕೊಳವೆಬಾವಿಯಲ್ಲಿ ಪಂಪು ಹಚ್ಚಿ, ನೀರು ಹೇಗೆ ಇಳಿಯುತ್ತದೆ ಎಂದು ನೋಡುವ ಪರೀಕ್ಷೆ ಇತ್ತು. ಇಡೀ ದಿನದ ಕೆಲಸ. ತಾಸಿಗೊಮ್ಮೆ ಅಳೆದರಾಯಿತು ಎಂದುಕೊಂಡು ನಾನು ಬೇವಿನ ನೆರಳಲ್ಲಿ ಬ್ಯಾಗಿನಿಂದ ಟೋಪಿ ಹುಡುಕುತ್ತಿದ್ದೆ. ಪಂಪು ಶುರುವಾಯಿತು.

"ಟೋಪಿ ಆಮ್ಯಾಲ ಹಾಕ್ಕೋರಿ ಮ್ಯಾಡಮ್ಮಾರ," ಎಂದು ಹುಸೇನಸಾಬರು ಕೂಗಿದರು. "ನೀರ ನಿಮ್ಮ ಸಲುವಾಗಿ ನಿಲ್ಲಂಗಿಲ್ಲ. ಬರಕೋರಿ!"

ಮೊದಲ ಹತ್ತು ನಿಮಿಷ ಒಂದೊಂದು ನಿಮಿಷಕ್ಕೂ ಒಂದು ಅಳತೆ ಕೂಗಿದರು. ಆಮೇಲೆ ಐದು ನಿಮಿಷಕ್ಕೊಮ್ಮೆ, ಹತ್ತು ನಿಮಿಷಕ್ಕೊಮ್ಮೆ, ಅರ್ಧ ತಾಸಿಗೊಮ್ಮೆ. ಮಧ್ಯಾಹ್ನದ ಹೊತ್ತಿಗೆ ತಾಸಿಗೊಮ್ಮೆ ಸಾಕಾಯಿತು. ಬುತ್ತಿ ಬಿಚ್ಚಿ ಕುಳಿತಾಗ ಹೀಗೇಕೆ ಎಂದು ಕೇಳಿದೆ. ಧಾರವಾಡದಲ್ಲಿ ಕಲಿಯುವಾಗ ಇದಕ್ಕೆ ಒಂದು ಸೂತ್ರ ಓದಿದ್ದೆ. ಅದು ಪರೀಕ್ಷೆಯಲ್ಲಿ ಬಂದಿತ್ತು, ಹೊಲದಲ್ಲಿ ನೆನಪಾಗಿರಲಿಲ್ಲ.

"ಹೊಸಾ ಸೊಸಿ ಬಂದಾಗ ಮೊದಲನೇ ದಿನ ಅತ್ತಿ ತಾಸಿಗೊಮ್ಮೆ ಇಣುಕತಾಳ್ರಿ," ಎಂದರು. "ತಿಂಗಳಾದ ಮ್ಯಾಲ ಯಾರ ಕೇಳ್ತಾರ?"

ಮಾಡೆಲ್‌ನಲ್ಲೂ ಇದೇ ನಡೆಯುತ್ತದೆ. ಪಂಪು ಶುರುವಾದ ಅಥವಾ ನಿಂತ ಗಳಿಗೆಯಲ್ಲಿ ಹೆಜ್ಜೆ ಚಿಕ್ಕದಿರಬೇಕು. ಆಮೇಲೆ ಪ್ರತಿ ಹೆಜ್ಜೆಯನ್ನೂ ಹಿಂದಿನದಕ್ಕಿಂತ ಸ್ವಲ್ಪ ದೊಡ್ಡದು ಮಾಡುತ್ತ ಹೋಗಬಹುದು. ಫೋನ್ ಮಾಡುವವರು ಇದಿಷ್ಟನ್ನಾದರೂ ಬರೆದುಕೊಳ್ಳಲಿ.

ಕಲಿತದ್ದನ್ನು ನಾನು ಕೂಡಲೇ ಅತಿ ಮಾಡಿದೆ. ರಬಕವಿ-ಬನಹಟ್ಟಿ ಕಡೆಯ ಹೊಳೆದಂಡೆಯ ನೆಲಕ್ಕೆ ಮಾಡೆಲ್ ಕಟ್ಟಬೇಕಿತ್ತು. ಐದು ವರ್ಷದ ಅವಧಿಗೆ ಹತ್ತು ಹತ್ತು ನಿಮಿಷದ ಹೆಜ್ಜೆ ಇಟ್ಟೆ. ಕಚೇರಿಗೆ ಇದ್ದದ್ದು ಒಂದೇ ಒಳ್ಳೆಯ ಕಂಪ್ಯೂಟರ್. ಅದು ಶುಕ್ರವಾರ ಶುರುವಾಗಿ ಸೋಮವಾರದವರೆಗೆ ತಿರುಗಿತು. ಅಷ್ಟರಲ್ಲಿ ಸಂಬಳದ ಬಿಲ್ಲು ಸೇರಿದಂತೆ ಎಲ್ಲರ ಕೆಲಸವೂ ನಿಂತಿತ್ತು. ಬಂದ ನೀರಿನ ಮಟ್ಟದ ಗೆರೆಯನ್ನು ಹಿಂದೆ ತಿಂಗಳಿಗೊಂದು ಹೆಜ್ಜೆ ಇಟ್ಟು ತೆಗೆದಿದ್ದ ಗೆರೆಯ ಮೇಲೆ ಇಟ್ಟರೆ ಕೂದಲೆಳೆಯಷ್ಟೂ ಬೇರೆ ಇರಲಿಲ್ಲ.

"ನಾಲ್ಕ ದಿನ ತಿರುಗಿ ಏನ ಹೇಳ್ತರಿ ಮಿಷನ್ನು?" ಎಂದು ಸಾಹೇಬರು ಕೇಳಿದರು.

"ಮೊದಲ ಹೇಳಿದ್ದನ್ನ ಹೇಳ್ತರಿ."

"ಛಲೋ ಆತು. ನಮ್ಮ ಕಚೇರಿಗೆ ತಕ್ಕ ಮಿಷನ್ ಐತಿ."

ಅಂದಿನಿಂದ ತಿಂಗಳಿಗೊಂದು ಹೆಜ್ಜೆ ಎಂಬುದು ನನ್ನ ರೂಢಿಯಾಯಿತು. ಬಾವಿಗಳ ಅಳತೆಯೂ ತಿಂಗಳಿಗೊಮ್ಮೆಯೇ ಬರುತ್ತಿತ್ತು, ಹೊಂದಿಸಿ ನೋಡಲು ಅನುಕೂಲ. ಹಲವು ವರ್ಷ ಹೀಗೆಯೇ ಕೆಲಸ ಮಾಡಿದೆ, ಯಾರಿಗೂ ತೊಂದರೆಯಾಗಲಿಲ್ಲ. ಆಗಿದ್ದರೂ ಅವರು ನನ್ನ ಹತ್ತಿರ ಬಂದಿರಲಿಲ್ಲ.

ಬಂದವನು ಸಂಗಪ್ಪ.

ಮುಧೋಳದಿಂದ ಲೋಕಾಪುರಕ್ಕೆ ಹೋಗುವ ದಾರಿಯಿಂದ ಒಳಗೆ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ. ಅಲ್ಲಿಯ ನೆಲ ಸುಣ್ಣಕಲ್ಲಿನದು. ನೀರು ಬಿರುಕುಗಳಲ್ಲಿ ಮಾತ್ರ ಇರುತ್ತದೆ, ಬೇಗ ಇಳಿಯುತ್ತದೆ, ಬೇಗ ಏರುತ್ತದೆ. ಊರಿಗೆ ಕುಡಿಯುವ ನೀರು ಕೊಡುವ ಬಾವಿ ಕಬ್ಬಿನ ಹೊಲಗಳ ನಡುವೆ ಇದೆ. ಅಲ್ಲಿಂದ ಮೋಟರ್ ಹಚ್ಚಿ ಊರ ನೀರಿನ ಟ್ಯಾಂಕನ್ನು, ಅಲ್ಲಿಯವರ ಮಾತಿನ ಟಾಕಿಯನ್ನು, ತುಂಬಿಸಬೇಕು. ಟಾಕಿ ತುಂಬುತ್ತಿಲ್ಲ, ಅರ್ಧ ಊರಿಗೆ ನೀರು ಬರುತ್ತಿಲ್ಲ, ಬಾವಿಯಲ್ಲಿ ನೀರು ಇದೆಯೋ ಇಲ್ಲವೋ ಹೇಳಿ ಎಂದು ಪಂಚಾಯಿತಿಯವರು ನಮ್ಮ ಕಚೇರಿಗೆ ಬರೆದಿದ್ದರು. ನಾನು ಮಾಡೆಲ್ ಕಟ್ಟಿದೆ. ಹುಸೇನಸಾಬರು ತಿಂಗಳು ತಿಂಗಳು ತಂದ ಅಳತೆಗಳ ಮೇಲೆ ನನ್ನ ಗೆರೆ ಸರಿಯಾಗಿ ಕೂತಿತು. ಅಷ್ಟು ಚೆನ್ನಾಗಿ ಕೂತದ್ದು ನನ್ನ ಸೇವೆಯಲ್ಲಿ ಅದೊಂದೇ. "ಕುಡಿಯುವ ನೀರಿನ ಬಾವಿಯಲ್ಲಿ ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಸಾಕಷ್ಟು ನೀರು ಲಭ್ಯವಿರುತ್ತದೆ" ಎಂದು ವರದಿ ಬರೆದೆ. ಸಾಹೇಬರು ಸಹಿ ಮಾಡಿದರು.

ತಿಂಗಳೊಪ್ಪತ್ತಿಗೆ ಒಬ್ಬ ಮನುಷ್ಯ ಬಸ್ಸಿನ ಟಿಕೆಟನ್ನು ಇನ್ನೂ ಕೈಯಲ್ಲೇ ಹಿಡಿದು ಕಚೇರಿಗೆ ಬಂದ. ನಲವತ್ತು ದಾಟಿದ ವಯಸ್ಸು. ಇನ್ನೊಂದು ಕೈಯಲ್ಲಿ ನನ್ನ ವರದಿಯ ಒಂದು ಹಾಳೆಯ ಜೆರಾಕ್ಸ್ ಇತ್ತು. ಹುಸೇನಸಾಬರು ಅಲ್ಲೇ ಟೇಪು ಒರೆಸುತ್ತ ಕೂತಿದ್ದರು.

"ನಾ ಸಂಗಪ್ಪರಿ. ಊರಿಗೆ ನೀರ ಬಿಡಾವ," ಎಂದ. "ಮ್ಯಾಡಮ್ಮಾರ, ಇದರಾಗ ನನ್ನ ಬಗ್ಗೆ ಏನ ಬರದೀರಿ?"

"ನಿಮ್ಮ ಹೆಸರ ನನಗ ಈಗ ಗೊತ್ತಾತು. ನಿಮ್ಮ ಬಗ್ಗೆ ಏನೂ ಬರದಿಲ್ಲ."

"ಏನೂ ಬರೀದೇನ ಕೀಲಿ ಕಸಗೊಂಡು ಮನ್ಯಾಗ ಕುಂಡ್ರಿಸ್ಯಾರ್ರಿ. ಬರದಿದ್ರ ಏನ ಮಾಡ್ತಿದ್ರೋ."

ಆಗಿದ್ದು ಇಷ್ಟು. ಬಾವಿಯಲ್ಲಿ ವರ್ಷವಿಡೀ ನೀರಿದೆ ಎಂದು ಸರಕಾರದ ಕಂಪ್ಯೂಟರೇ ಹೇಳಿದೆ. ಹಾಗಿದ್ದರೆ ಟಾಕಿ ತುಂಬದಿರುವುದು ಸಂಗಪ್ಪನ ಮೈಗಳ್ಳತನದಿಂದ. ಪಂಪಿನ ಮನೆಯ ಕೀಲಿಕೈಯನ್ನು ಪಂಚಾಯಿತಿಯವರು ತೆಗೆದುಕೊಂಡರು. ಮುಂದಿನ ಸಭೆಯಲ್ಲಿ ಅವನನ್ನು ಕೆಲಸದಿಂದ ತೆಗೆಯುವ ಠರಾವು ಆಗಬೇಕಿತ್ತು. ಅಲ್ಲಿಯವರೆಗೆ ಒಬ್ಬ ಸದಸ್ಯನ ತಮ್ಮ ನೀರು ಬಿಡುತ್ತಿದ್ದ. ಅವನ ಕೈಯಲ್ಲೂ ಟಾಕಿ ತುಂಬಲಿಲ್ಲ. ಸಂಗಪ್ಪ ಮೋಟರ್ ಕೆಡಿಸಿ ಹೋಗಿದ್ದಾನೆ ಎಂದು ಊರಲ್ಲಿ ಮಾತಾಯಿತು.

"ಬಾವ್ಯಾಗ ನೀರ ಇರೂದು ಖರೆ ಏನಪಾ?" ಎಂದು ಹುಸೇನಸಾಬರು ಕೇಳಿದರು. "ನಾನ ಅಳದೇನಿ."

"ಖರೆ ಐತ್ರಿ. ನೀವು ಬರ್ತೀರಿ, ಸುತ್ತಲಿನವರ ಮೋಟರ್ ಎಲ್ಲಾ ಬಂದ್ ಮಾಡಸ್ತೀರಿ, ಚಹಾ ಕುಡೀತೀರಿ, ಆಮ್ಯಾಲ ಟೇಪ್ ಬಿಡ್ತೀರಿ."

"ಹಂಗ ನಿಯಮ ಐತೋ. ನೀರ ನಿಂತ ಮ್ಯಾಲ ಅಳೀಬೇಕು."

"ನಿಯಮ ಛಲೋ ಐತ್ರಿ. ನನಗೂ ದಿನಾ ಹಂಗ ಎಲ್ಲಾರ ಮೋಟರ್ ಬಂದ್ ಮಾಡಿಸಿಕೊಟ್ರ ನಾನೂ ಟಾಕಿ ತುಂಬಸ್ತೇನಿ."

ಹುಸೇನಸಾಬರು ಟೇಪು ಒರೆಸುವುದನ್ನು ನಿಲ್ಲಿಸಿದರು. ನಾನು ಏನೋ ಹೇಳಿದೆ. ಏನೆಂದು ದಿನಚರಿಯಲ್ಲಿ ಇಲ್ಲ.

ಎರಡು ದಿನ ಬಿಟ್ಟು, ಕರೆಂಟ್ ಬರುವ ಮೊದಲೇ ನಾನೂ ಹುಸೇನಸಾಬರೂ ಆ ಬಾವಿಯ ಮೇಲೆ ಹೋಗಿ ನಿಂತೆವು. ಬೆಳಗಿನ ಎಂಟು ಗಂಟೆ. ನೀರು ಮೇಲಿನ ಮೆಟ್ಟಿಲುಗಳವರೆಗೆ ಇತ್ತು. ಪಂಪುಗಳಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಅಲ್ಲಿ ದಿನಕ್ಕೆ ಕೆಲವೇ ತಾಸು ಬರುತ್ತದೆ. ಹೊಲಗಳಿಗೂ ಊರ ಬಾವಿಗೂ ಒಂದೇ ಲೈನು. ಎಲ್ಲ ಹೊಲಗಳಲ್ಲೂ ಆಟೋ ಸ್ಟಾರ್ಟರ್ ಇದೆ. ಕರೆಂಟ್ ಬಂದ ಕೂಡಲೇ ಮೋಟರ್ ತಾನಾಗಿ ಶುರುವಾಗುತ್ತದೆ, ಯಾರೂ ಹೊಲಕ್ಕೆ ಹೋಗಬೇಕಿಲ್ಲ.

ಕರೆಂಟ್ ಬಂತು. ಸುತ್ತಲೂ ಕಟಕಟ ಸದ್ದಾಯಿತು, ಕಬ್ಬಿನೊಳಗಿಂದ ಹತ್ತಾರು ಮೋಟರ್ ಒಟ್ಟಿಗೆ ಗುಂಯ್ ಎಂದವು. ಸದಸ್ಯನ ತಮ್ಮ ಊರ ಮೋಟರನ್ನೂ ಹಚ್ಚಿದ. ಹುಸೇನಸಾಬರು ನಿಮಿಷ ನಿಮಿಷಕ್ಕೂ ಅಳತೆ ಕೂಗಿದರು. ನೀರು ಕಣ್ಣಿಗೆ ಕಾಣುವಂತೆ ಇಳಿಯಿತು. ಅರ್ಧ ತಾಸಿನಲ್ಲಿ ಊರ ಮೋಟರ್ ನೀರು ಸಿಗದೆ ಗಾಳಿ ಹಿಡಿದು ಬರೀ ಕಿರುಚತೊಡಗಿತು. ಸದಸ್ಯನ ತಮ್ಮ ಅದನ್ನು ಆರಿಸಿ, "ನೋಡ್ರಿ, ಹೆಂಗ ಕೆಡಿಸಿಟ್ಟ ಹೋಗ್ಯಾನ," ಎಂದ. ಮಧ್ಯಾಹ್ನ ಕರೆಂಟ್ ಹೋಯಿತು. ಊಟ ಮುಗಿಸುವಷ್ಟರಲ್ಲಿ ನೀರು ಮತ್ತೆ ಮೆಟ್ಟಿಲ ಮೇಲಿತ್ತು. ಹೊಲದಿಂದ ಮನೆಗೆ ಹೋಗುವ ಹೆಣ್ಣುಮಕ್ಕಳು ಬಾವಿಯಲ್ಲಿ ಇಣುಕಿ ನೋಡಿದರು. "ಇಷ್ಟ ನೀರ ಇಟಗೊಂಡು ಬಿಡಲಿಲ್ಲ ನೋಡ ಹಾಟ್ಯಾ" ಎಂದು ಸಂಗಪ್ಪನನ್ನು ಬೈದು ಮುಂದೆ ಹೋದರು.

ಪಂಪಿನ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದ ಕಡ್ಡಿಯಲ್ಲಿ ಸಾಲುಸಾಲಾಗಿ ಬರೆದಿತ್ತು. "ಬಂತು", ಅದರ ಮುಂದೆ ವೇಳೆ. "ಗಾಳಿ", ಅದರ ಮುಂದೆ ವೇಳೆ. "ಹೋತು", ಅದರ ಮುಂದೆ ವೇಳೆ. ಸಂಗಪ್ಪನ ಕೈಬರಹ. ಎರಡು ಗೋಡೆ ತುಂಬಿ ಮೂರನೆಯದಕ್ಕೆ ಬಂದಿತ್ತು. ನಾನು ಹಿಂದೆ ಎರಡು ಸಲ ಆ ಪಂಪಿನ ಮನೆಯ ನೆರಳಲ್ಲಿ ನಿಂತು ಚಹಾ ಕುಡಿದಿದ್ದೆ. ಗೋಡೆ ಓದಿರಲಿಲ್ಲ.

ನಾನು ಬನಹಟ್ಟಿಯ ಮಗ್ಗದ ಮನೆಯಲ್ಲಿ ಹುಟ್ಟಿದವಳು. ಕರೆಂಟ್ ಬಂತೆಂದರೆ ನಮ್ಮಪ್ಪ ಊಟದ ತಾಟು ಬಿಟ್ಟು ಏಳುತ್ತಿದ್ದ. ಓಣಿಯ ಎಲ್ಲ ಮಗ್ಗಗಳೂ ಒಟ್ಟಿಗೆ ಶುರುವಾಗುತ್ತಿದ್ದವು, ಒಟ್ಟಿಗೆ ನಿಲ್ಲುತ್ತಿದ್ದವು. ಕೆಲಸ ಕರೆಂಟಿನ ವೇಳೆಗೆ ನಡೆಯುತ್ತದೆ ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಮಾಡೆಲ್‌ನಲ್ಲಿ ನಾನು ಎಲ್ಲ ಪಂಪುಗಳ ನೀರನ್ನು ಕೂಡಿಸಿ, ತಿಂಗಳ ದಿನಗಳಿಂದ ಭಾಗಿಸಿ, ಹಗಲೂ ರಾತ್ರಿ ಸಮನಾಗಿ ಸ್ವಲ್ಪ ಸ್ವಲ್ಪ ಎತ್ತಿದ್ದೆ. ಅಂಥ ಪಂಪು ಆ ಸೀಮೆಯಲ್ಲಿ ಒಂದೂ ಇಲ್ಲ. ಪಂಪು ನಿಂತ ಮೇಲೆ ಮಾತ್ರ ಹುಸೇನಸಾಬರು ಅಳೆದಿದ್ದರು. ನನ್ನ ತಪ್ಪೂ ಅವರ ನಿಯಮವೂ ಒಂದಕ್ಕೊಂದು ಒಪ್ಪಿಕೊಂಡಿದ್ದವು. ಗೆರೆ ಅಷ್ಟು ಚೆನ್ನಾಗಿ ಕೂತದ್ದು ಅದಕ್ಕೇ.

ಮರಳಿ ಬಂದು ಅವಧಿಗಳನ್ನು ಕರೆಂಟಿನ ಪ್ರಕಾರ ಕತ್ತರಿಸಿದೆ. ಗೋಡೆಯ ಫೋಟೋಗಳನ್ನು ಎದುರಿಗಿಟ್ಟುಕೊಂಡು, ಕರೆಂಟ್ ಇದ್ದಾಗ ಒಂದು ಅವಧಿ, ಇಲ್ಲದಾಗ ಒಂದು. ಪ್ರತಿಯೊಂದರ ಶುರುವಿಗೆ ಒಂದೊಂದು ನಿಮಿಷದ ಹೆಜ್ಜೆ, ಆಮೇಲೆ ದೊಡ್ಡದಾಗುತ್ತ ಹೋಗುವ ಹೆಜ್ಜೆಗಳು. ಐದು ವರ್ಷಕ್ಕಲ್ಲ, ಒಂದು ತಿಂಗಳಿಗೆ ಮಾತ್ರ. ಒಂದು ಗುರುವಾರ ಸಂಜೆ ಉತ್ತರ ಬಂತು. ಗೆರೆ ಗರಗಸದ ಹಲ್ಲಿನಂತೆ ಇತ್ತು. ದಿನವೂ ನೀರು ಮೋಟರಿನ ಪೈಪಿನ ಬಾಯಿಗಿಂತ ಕೆಳಗೆ ಹೋಗುತ್ತಿತ್ತು, ದಿನವೂ ಮೇಲೆ ಬರುತ್ತಿತ್ತು. ನೀರು ಇಳಿದ ವೇಳೆಯೂ ಸಂಗಪ್ಪ "ಗಾಳಿ" ಎಂದು ಬರೆದ ವೇಳೆಯೂ ಹೆಚ್ಚುಕಡಿಮೆ ಕೂಡಿದವು. ತಿಂಗಳ ಕೊನೆಯ ಮಟ್ಟ ಮಾತ್ರ ಹಳೆಯ ವರದಿಯಲ್ಲಿದ್ದಷ್ಟೇ ಬಂತು. ಹಳೆಯ ವರದಿಯ ಅಂಕಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಆ ಒಂದು ವಾಕ್ಯ ತಪ್ಪಾಗಿತ್ತು.

ಇಲ್ಲಿಂದ ಮುಂದೆ ನನ್ನ ನೆನಪು ಹೀಗಿದೆ. ನಾನು ಮರುದಿನವೇ ಸಾಹೇಬರ ಬಳಿ ಹೋದೆ. ಸಾಹೇಬರು, "ಸಹಿ ಆದ ವರದಿ, ಈಗ ತಪ್ಪಂದ್ರ ಕಚೇರಿ ಮರ್ಯಾದಿ ಏನಾಕ್ಕೈತಿ?" ಎಂದು ತಡೆದರು. ನಾನು ಪಟ್ಟು ಹಿಡಿದು, ಕೊನೆಗೆ ಅವರನ್ನು ಒಪ್ಪಿಸಿ, ಪಂಚಾಯಿತಿಗೆ ಹೋದೆ. ಇದನ್ನು ನಾನು ಬೀಳ್ಕೊಡುಗೆಯ ದಿನ ಭಾಷಣದಲ್ಲಿ ಹೇಳಿದ್ದೇನೆ. ಸಾಹೇಬರು ಆಗ ತೀರಿಕೊಂಡಿದ್ದರು.

ದಿನಚರಿ ಹೀಗಿದೆ. ಗುರುವಾರ: "ಮುಧೋಳ ಕಡೆಯ ಬಾವಿ. ವರದಿ ತಪ್ಪು." ಶುಕ್ರವಾರ: ಏನೂ ಇಲ್ಲ. ಶನಿವಾರ: "ಧಾರವಾಡ. ವಿಚಾರ ಸಂಕಿರಣ." ಅದರಲ್ಲಿ ನಾನು ಇದೇ ಮಾಡೆಲ್ ಬಗ್ಗೆ ಮಾತಾಡಬೇಕಿತ್ತು, ತಿಂಗಳ ಮುಂಚೆಯೇ ಒಪ್ಪಿಕೊಂಡಿದ್ದೆ. ಹಳೆಯ ಗೆರೆಯನ್ನೇ ತೋರಿಸಿದೆ. ಅಂದಿನ ಪುಟದ ಕೊನೆಯ ಸಾಲು: "ಎಲ್ಲರೂ ಗೆರೆ ಮೆಚ್ಚಿದರು. ಊಟ ಚೆನ್ನಾಗಿತ್ತು." ಸೋಮವಾರದಿಂದ ಗುರುವಾರದವರೆಗೆ ಬೇರೆ ಕೆಲಸಗಳು. ಶುಕ್ರವಾರ: "ಸಾಹೇಬರಿಗೆ ಹೇಳಿದೆ. 'ಹಂಗಾದ್ರ ಬರೀರಿ' ಅಂದರು. ತಿದ್ದುಪಡಿಗೆ ಕೂಡಲೇ ಸಹಿ ಮಾಡಿದರು. ಸೋಮವಾರ ಸಭೆಗೆ ನೀವೇ ಹೋಗಿ ಹೇಳಿಬರ್ರಿ ಅಂದರು."

ಯಾರೂ ನನ್ನನ್ನು ತಡೆದಿರಲಿಲ್ಲ. ನಾನೇ ತಡೆದುಕೊಂಡಿದ್ದೆ. ಗುರುವಾರದಿಂದ ಆ ಸೋಮವಾರಕ್ಕೆ ಹನ್ನೊಂದು ದಿನ. ಅಷ್ಟು ದಿನ ಸಂಗಪ್ಪ ಮನೆಯಲ್ಲಿ ಕೂತಿದ್ದ, ಊರವರು ಅವನನ್ನು ಬೈಯುತ್ತಿದ್ದರು.

ಸೋಮವಾರ ಪಂಚಾಯಿತಿ ಸಭೆಯಲ್ಲಿ ಹನ್ನೆರಡು ಜನ ಇದ್ದರು. ಸಂಗಪ್ಪ ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದ. ನಾನು ಗರಗಸದ ಗೆರೆಯನ್ನು ಗೋಡೆಗೆ ಹಚ್ಚಿ ವಿವರಿಸಿದೆ. ತಮ್ಮನಿಗೆ ಕೆಲಸ ಕೊಡಿಸಬೇಕೆಂದಿದ್ದ ಸದಸ್ಯ ಎದ್ದು ನಿಂತ.

"ಅಂದ್ರ ಕಂಪ್ಯೂಟರ್ ಸುಳ್ಳ ಹೇಳಿತ್ತೇನ್ರಿ?"

"ಇಲ್ಲರಿ. ತಿಂಗಳ ಕೊನೀಗೆ ನೀರ ಎಷ್ಟ ಇರ್ತೈತಿ ಅಂತ ನಾ ಕೇಳಿದ್ದೆ, ಅದು ಹೇಳ್ತು. ಕರೆಂಟ್ ಇದ್ದಾಗ ಎಷ್ಟ ಇರ್ತೈತಿ ಅಂತ ನಾ ಕೇಳಲೇ ಇಲ್ಲ. ತಪ್ಪ ನಂದು."

"ಹಂಗಾದ್ರ ಈಗ ಹೇಳೂದು ಖರೆ ಅಂತ ಹೆಂಗ ನಂಬೂದ್ರಿ?"

ಇದು ನ್ಯಾಯವಾದ ಪ್ರಶ್ನೆ. ಅಧ್ಯಕ್ಷೆ ವಯಸ್ಸಾದ ಹೆಣ್ಣುಮಗಳು. ಆ ಸದಸ್ಯನಿಗೇ ಕೇಳಿದಳು: "ನಿನ್ನ ತಮ್ಮ ಎಷ್ಟ ದಿನ ಟಾಕಿ ತುಂಬಸ್ಯಾನೋ?"

"ಮೋಟರ್ ಕೆಟ್ಟೈತಲ್ಲ ಆಯಿ."

"ಕೆಟ್ಟ ಮೋಟರಿಗೆ ನಾಳೆ ಒಂದ ತಾಸು ನಿಮ್ಮ ಹೊಲದ ಸ್ಟಾರ್ಟರ್ ಎಲ್ಲಾ ಬಂದ್ ಮಾಡಿ ನೋಡ್ರಿ. ತುಂಬಿದ್ರ ಮೋಟರ್ ಛಲೋ ಐತಿ ಅಂತ ತಿಳ್ಕೊಳ್ಳೋಣು."

ಮರುದಿನ ಟಾಕಿ ತುಂಬಿತು ಎಂದು ಆಮೇಲೆ ಪತ್ರ ಬಂತು. ಬಾವಿಯ ಸುತ್ತಲಿನವರು ಕರೆಂಟ್ ಬಂದ ಮೇಲೆ ಒಂದು ತಾಸು ಬಿಟ್ಟು ಮೋಟರ್ ಹಚ್ಚುವುದೆಂದು ಠರಾವಾಯಿತು, ಬಹಳ ಗೊಣಗಾಟವೂ ಆಯಿತು. ಸಂಗಪ್ಪನಿಗೆ ಕೀಲಿಕೈಯನ್ನು ಮಾತ್ರ ಸೋಮವಾರದ ಸಭೆಯಲ್ಲೇ ಮರಳಿ ಕೊಟ್ಟರು. ಅದನ್ನು ಅವನು ಅಂಗಿಯ ಜೇಬಿಗೆ ಹಾಕಿ, ಬೀಳದಂತೆ ಪಿನ್ನು ಚುಚ್ಚಿಕೊಂಡ. ಚಹಾ ಕುಡಿದೇ ಹೋಗಬೇಕು ಎಂದು ನನ್ನನ್ನು ಮನೆಗೆ ಕರೆದೊಯ್ದ.

ದಾರಿಯಲ್ಲಿ ಕೇಳಿದ: "ಮ್ಯಾಡಮ್ಮಾರ, ನನ್ನ ತಪ್ಪಿಲ್ಲ ಅನ್ನೋದು ನಿಮಗ ಯಾವಾಗ ತಿಳೀತ್ರಿ?"

ನಾನು ಖರೆ ಹೇಳಿದೆ ಎಂದೇ ಇಷ್ಟು ವರ್ಷ ನೆನಪಿತ್ತು. ಆ ದಿನದ ಪುಟದಲ್ಲಿ ನನ್ನದೇ ಕೈಬರಹದಲ್ಲಿ ಹೀಗಿದೆ: "'ನಿನ್ನೆ' ಅಂದೆ."

"ನಿನ್ನಿ ತಿಳದು ಇವತ್ತ ಬಂದ್ರ್ಯಾ?" ಸಂಗಪ್ಪ ನಿಂತುಬಿಟ್ಟ. ಆಮೇಲೆ ಜೋರಾಗಿ ನಡೆದು, ಮನೆಯ ಬಾಗಿಲಲ್ಲೇ ಹೆಂಡತಿಯನ್ನು ಕೂಗಿದ. "ಏ ಇವಳ, ಹೊರಗ ಬಾ. ಇವರ ನೋಡ ಆ ಮ್ಯಾಡಮ್ಮಾರು. ನಿನ್ನಿ ತಿಳದೈತಿ, ಇವತ್ತ ಓಡಿ ಬಂದಾರ. ಹಾಲ ಹೆಚ್ಚ ಹಾಕಿ ಚಹಾ ಮಾಡು."

ಆಕೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನನ್ನ ಕಾಲು ಮುಟ್ಟಿದಳು. ನಾನು ಬೇಡ ಎನ್ನಲಿಲ್ಲ. ಚಹಾ ಬಂತು, ಕುಡಿದೆ.